ಕಳ್ಬಪ್ಪಿನ ನಿಸಿದಿಗೆಗಳು

ಶ್ರವಣಬೆಳಗೊಳದ ಎರಡು ಬೆಟ್ಟಗಳಲ್ಲಿ ಗೊಮ್ಮಟನಿರುವ ದೊಡ್ಡಬೆಟ್ಟವೇ ಇಂದು ಲೋಕಪ್ರಸಿದ್ಧವಾಗಿದ್ದರೂ, ಆ ಮೂರ್ತಿ ನಿಲ್ಲುವುದಕ್ಕೆ ಮುನ್ನೂರು ವರ್ಷಗಳಿಗೂ ಮೊದಲೇ ಆ ಊರು ಪುಣ್ಯಕ್ಷೇತ್ರವಾದದ್ದು ಎದುರಿನ ಚಿಕ್ಕಬೆಟ್ಟದಿಂದ. ಶಾಸನಗಳು ಅದನ್ನು ಕಟವಪ್ರವೆಂದೂ ಕಳ್ಬಪ್ಪು ಎಂದೂ ಕರೆಯುತ್ತವೆ. ಅಲ್ಲಿಯ ಹಾಸುಬಂಡೆಯ ಮೇಲೆ ಏಳನೆಯ ಶತಮಾನದಿಂದ ಈಚೆಗೆ ಕೊರೆದ ಹಳೆಯ ಬರಹಗಳಲ್ಲಿ ಬಹುಪಾಲು ದಾನವನ್ನಾಗಲಿ ಗೆಲುವನ್ನಾಗಲಿ ಸಾರದೆ, ಯಾರು ಯಾವ ನೋಂಪಿಯಿಂದ, ಎಂದರೆ ವ್ರತದಿಂದ, ದೇಹ ಬಿಟ್ಟರೆಂಬುದನ್ನಷ್ಟೇ ಹೇಳುತ್ತವೆ. ಇಂಥ ಸ್ಮಾರಕಕ್ಕೆ ನಿಸಿದಿಗೆ ಅಥವಾ ನಿಷಿಧಿ ಎಂದು ಹೆಸರು. ಕನ್ನಡ ನಾಡಿನ ಊರೂರುಗಳಲ್ಲಿರುವ ವೀರಗಲ್ಲು ರಣದಲ್ಲಿ ಹಠಾತ್ತನೆ ಬಂದೆರಗಿದ ಸಾವನ್ನು ಕೊಂಡಾಡಿದರೆ, ನಿಸಿದಿಗೆ ಬಹುಕಾಲ ಮನಸ್ಸಿನಲ್ಲಿಟ್ಟು ನೋಡಿದ ಸಾವನ್ನು ನೆನೆಯುತ್ತದೆ.

ಈ ನೋಟಕ್ಕೆ ಜೈನರು ಅನುಪ್ರೇಕ್ಷೆ ಎನ್ನುತ್ತಾರೆ. ಒಂದು ಸತ್ಯವನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಂಡು ಚಿಂತಿಸುವುದೆಂದು ಅದರ ಅರ್ಥ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ, ಅಂದರೆ ಯಾವುದೂ ನಿಲ್ಲದೆಂಬ ಅರಿವು. ಎರಡನೆಯದು ಅಶರಣ, ಅಂದರೆ ಸಾವಿನೆದುರು ಯಾರೂ ಕಾಯಲಾರರೆಂಬ ಅರಿವು. ಸುಮಾರು 700ರ ಕಾಲದ ನಂದಿಸೇನ ಮುನಿಯ ನಿಸಿದಿಗೆ ಈ ಮೊದಲನೆಯ ಚಿಂತನೆಯನ್ನೇ ಪದ್ಯವಾಗಿಸಿದೆ. ಸಿರಿ, ರೂಪ, ವಿಭವಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಅಡಗುವುವೆಂದು ಬಗೆದು ಆ ಮುನಿ ಸನ್ಯಸನವನ್ನು, ಎಂದರೆ ಕೊನೆಯ ತ್ಯಾಗವನ್ನು, ಕೈಗೊಂಡನೆಂದು ಅದು ತಿಳಿಸುತ್ತದೆ. ಹುಟ್ಟಿದ ಊರನ್ನಾಗಲಿ ತಂದೆತಾಯಿಯರನ್ನಾಗಲಿ ಅದು ಹೆಸರಿಸುವುದಿಲ್ಲ. ಉಪಮೆಯ ಚೆಲುವಿನಿಂದಾಗಿ ಈ ಪದ್ಯ ಕನ್ನಡ ಕಾವ್ಯದ ಅತಿ ಹಳೆಯ ಮಾದರಿಗಳಲ್ಲಿ ಒಂದೆನಿಸಿದೆ. ಆದರೆ ಅದರ ನಿಜವಾದ ಬಲವಿರುವುದು ಒಂದು ಬಾಳಿನಿಂದ ಅದು ಆಯ್ದುಕೊಂಡದ್ದರಲ್ಲಿ.

ಆಹಾರವನ್ನು ಬಿಡುತ್ತ ಸಾವನ್ನು ಎದುರುಗೊಳ್ಳುವ ಈ ವ್ರತದ ಶಾಸ್ತ್ರೀಯ ಹೆಸರು ಸಲ್ಲೇಖನ. ದೇಹವನ್ನೂ ಕಷಾಯಗಳೆಂಬ ಕ್ರೋಧಾದಿ ಮನೋವಿಕಾರಗಳನ್ನೂ ಒಟ್ಟಿಗೆ ತೆಳುವಾಗಿಸುವುದೆಂದು ಇದಕ್ಕೆ ಅರ್ಥ ಹೇಳುತ್ತಾರೆ. ಜೈನಾಚಾರ್ಯ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಪರಿಹಾರವಿಲ್ಲದ ಉಪಸರ್ಗ (ಬಂದೊದಗಿದ ವಿಪತ್ತು), ಬರಗಾಲ, ಮುಪ್ಪು, ರೋಗಗಳೆಂಬ ನಾಲ್ಕು ಸಂದರ್ಭಗಳಲ್ಲಿ ಮಾತ್ರ ಇದನ್ನು ವಿಧಿಸುತ್ತದೆ. ಗಮನಿಸಬೇಕಾದದ್ದು ವಿಧಿಯ ಕ್ರಮ. ಮೊದಲು ಬಿಡಬೇಕಾದದ್ದು ಅನ್ನವನ್ನಲ್ಲ, ಹಗೆಯನ್ನು ಮತ್ತು ಮೋಹವನ್ನು. ನೆಂಟರಲ್ಲಿಯೂ ಪರಿವಾರದವರಲ್ಲಿಯೂ ಕ್ಷಮೆ ಬೇಡಿ, ತಾನೂ ಕ್ಷಮಿಸಿ, ಮಾಡಿದ ತಪ್ಪುಗಳನ್ನು ಮುಚ್ಚಿಡದೆ ಒಪ್ಪಿಕೊಂಡ ಮೇಲಷ್ಟೇ ಅನ್ನ, ಆಮೇಲೆ ಹಾಲಿನಂಥ ಜಿಡ್ಡಿನ ಪಾನೀಯ, ಕಡೆಗೆ ನೀರು ಒಂದೊಂದಾಗಿ ಬಿಡುತ್ತ ಹೋಗಬೇಕು. ಸಾಯಬೇಕೆಂಬ ಆತುರವೂ ಬದುಕಬೇಕೆಂಬ ಆಸೆಯೂ ಇಲ್ಲಿ ಸಮನಾದ ದೋಷಗಳು. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಈ ಆಚರಣೆಯನ್ನು ಆತ್ಮಹತ್ಯೆಯೆಂದು ಪರಿಗಣಿಸಿ, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿದಾಗ ಜೈನರು ಎತ್ತಿ ಹೇಳಿದ್ದು ಸಾಯುವ ಆತುರಕ್ಕೂ ಈ ವ್ರತಕ್ಕೂ ಇರುವ ವ್ಯತ್ಯಾಸವನ್ನೇ.

ಮುನಿಗಳ ಈ ದಾರಿಗೆ ಅರಸರೂ ಬಂದರು. ಗಂಗ ದೊರೆ ಮಾರಸಿಂಹನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ದೇಹವನ್ನು ಮುಡಿಪಿದನು. ರಾಷ್ಟ್ರಕೂಟರ ಕೊನೆಯ ಇಂದ್ರನು 982ರಲ್ಲಿ ಬೆಳಗೊಳದಲ್ಲಿಯೇ ದೇಹವಿಟ್ಟನು. ಹನ್ನೆರಡನೆಯ ಶತಮಾನದ ಹೊತ್ತಿಗೆ ನಿಸಿದಿಗೆಯ ರೂಪವೂ ಬದಲಾಗಿ, ನಾಲ್ಕು ಸಾಲಿನ ಬಂಡೆಬರಹದ ಜಾಗದಲ್ಲಿ ಗುರುಪರಂಪರೆಯನ್ನೂ ಬಿರುದುಗಳನ್ನೂ ವಿಸ್ತರಿಸಿ ಹೇಳುವ ಕಂಬಗಳು ನಿಂತವು. ಈ ವಿಸ್ತಾರ ಇತಿಹಾಸಕಾರನಿಗೆ ದೊಡ್ಡ ಉಪಕಾರವೇ ಸರಿ. ಆದರೆ ಹಳೆಯ ಬರಹಗಳ ಬಿಗಿ ಅಲ್ಲಿ ಸಡಿಲವಾಯಿತೆಂಬುದನ್ನೂ ಒಪ್ಪಬೇಕು.

ಆ ಕಾಲದ ಶಾಸನಗಳಲ್ಲಿ ಹೆಚ್ಚು ಮನಕಲಕುವುದು ಹೊಯ್ಸಳ ರಾಣಿ ಶಾಂತಲದೇವಿಯ ತಾಯಿ ಮಾಚಿಕಬ್ಬೆಯದು. ಮಗಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಾಗ, ಅರಸಿಯೇ ಹೋದ ಮೇಲೆ ತಾನಿನ್ನು ಇರಲಾರೆನೆಂದು ಆಕೆ ಬೆಳಗೊಳಕ್ಕೆ ಬಂದಳು. ಸಮಂತಭದ್ರನ ಪಟ್ಟಿಯಲ್ಲಿ ಪುತ್ರಶೋಕಕ್ಕೆ ಎಡೆಯಿಲ್ಲ. ಶೋಕದಿಂದ ಹೊರಟವಳನ್ನು ವ್ರತದ ಕಡೆಗೆ ತಿರುಗಿಸುವ ಹೊಣೆ ಗುರುಗಳ ಮೇಲೆ ಬಿದ್ದಿರಬೇಕು. ಪ್ರಭಾಚಂದ್ರ, ವರ್ಧಮಾನ, ರವಿಚಂದ್ರರೆಂಬ ಮೂವರು ಗುರುಗಳ ಸಮ್ಮುಖದಲ್ಲಿ ಆಕೆ ಸನ್ಯಸನ ಪಡೆದಳೆಂದು ಶಾಸನ ಹೇಳುತ್ತದೆ. ಅರೆಮುಚ್ಚಿದ ಕಣ್ಣು, ತುಟಿಯಲ್ಲಿ ಪಂಚಪದ, ಎಂದರೆ ಅರ್ಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧುಗಳಿಗೆ ಸಲ್ಲಿಸುವ ನಮಸ್ಕಾರ, ಮತ್ತು ಬಂಧುಗಳಿಂದ ಬೀಳ್ಕೊಂಡ ಘನತೆ: ಹೀಗೆ ಒಂದು ತಿಂಗಳು ನೋಂತ ತಾಯಿಯನ್ನು ಶಾಸನ ಬರೆದವನು, ಆಕೆಯ ಮಗಳೇ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಬಳಿ, ಮಗಳ ಸಾವನ್ನು ಹೇಳಿದ ಅದೇ ಕಲ್ಲಿನಲ್ಲಿ ನಿಲ್ಲಿಸಿದ್ದಾನೆ.