ಮನೆಯೊಳಗೆ ಮಣ್ಣಿನ ಬಣ್ಣಗಳ ಸೊಬಗು

ಮನೆಗೆ ಬಣ್ಣ ಹಚ್ಚಿಸುವ ಸಂದರ್ಭದಲ್ಲಿ ಬಹುತೇಕರು ಅಂಗಡಿಯ ಕ್ಯಾಟಲಾಗ್‌ನಲ್ಲಿರುವ ಪುಟ್ಟ ಚೌಕವನ್ನು ನೋಡಿ ತೀರ್ಮಾನಿಸುತ್ತಾರೆ. ಗೋಡೆಯ ತುಂಬ ಅದೇ ಬಣ್ಣ ಬಿದ್ದ ಮೇಲೆ ಕೋಣೆ ಕತ್ತಲಾಯಿತೆಂದು ಪರಿತಪಿಸುತ್ತಾರೆ. ಕೆಮ್ಮಣ್ಣು, ಕಾವಿ, ಇಟ್ಟಿಗೆ ಕೆಂಪು, ಜೇಡಿಮಣ್ಣಿನ ಕಂದು ಮುಂತಾದ ಬಣ್ಣಗಳ ವಿಷಯದಲ್ಲಿ ಈ ತಪ್ಪು ಹೆಚ್ಚು. ತುಸು ಎಚ್ಚರ ವಹಿಸಿದರೆ ಇವೇ ಬಣ್ಣಗಳು ಮನೆಗೆ ಆಪ್ತತೆಯನ್ನು ತರಬಲ್ಲವು.

ನಮಗೆ ಹೊಸತಲ್ಲ

ಈ ಬಣ್ಣಗಳ ಮೂಲ ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್. ಹಳದಿ ಕಾವಿಯನ್ನು ಕಾಯಿಸಿದರೆ ಅದರೊಳಗಿನ ನೀರಿನಂಶ ಹೋಗಿ ಕೆಂಪು ಕಾವಿಯಾಗುತ್ತದೆ. ಮಲೆನಾಡಿನ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳ ಹಸೆ ಚಿತ್ತಾರ ಮೂಡುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿದ ನಂತರ ಹೆಂಚಿನ ಕೆಂಪು ದೂರದ ಊರುಗಳಿಗೂ ಹಬ್ಬಿತು.

ಬೆಳಕು ನೋಡಿ ಬಣ್ಣ ಆರಿಸಿ

ಉತ್ತರಕ್ಕೆ ಕಿಟಕಿಯಿರುವ ಕೋಣೆಗೆ ನೇರ ಬಿಸಿಲು ಕಡಿಮೆ. ಅಲ್ಲಿನ ತಣ್ಣನೆಯ ಬೆಳಕಿಗೆ ತಿಳಿಗಾವಿ ಅಥವಾ ಮಾಸಲು ಹಳದಿ ಹೊಂದುತ್ತದೆ. ಪಶ್ಚಿಮದ ಕೋಣೆಯಲ್ಲಿ ಸಂಜೆ ಬಿಸಿಲಿಗೆ ಕೆಂಪು ಇನ್ನಷ್ಟು ಉರಿಯುವಂತೆ ಕಾಣುವುದರಿಂದ ಮರಳಿನ ಬಣ್ಣವೇ ಲೇಸು. ರಾತ್ರಿಯ ದೀಪವೂ ಮುಖ್ಯ. 2700ರಿಂದ 3000 ಕೆಲ್ವಿನ್ ಎಂದು ನಮೂದಿಸಿರುವ ಎಲ್‌ಇಡಿ ದೀಪಗಳಲ್ಲಿ ಮಣ್ಣಿನ ಬಣ್ಣ ಅರಳುತ್ತದೆ. 6500 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ಮಂಕಾಗುತ್ತದೆ.

ಗೋಡೆಯ ಎರಡು ಅಡಿ ಚೌಕದಲ್ಲಿ ಬಣ್ಣ ಹಚ್ಚಿಸಿ ಬೆಳಿಗ್ಗೆ, ಮಧ್ಯಾಹ್ನ ಹಾಗೂ ರಾತ್ರಿ ನೋಡಿದ ನಂತರವೇ ತೀರ್ಮಾನಿಸುವುದು ಸೂಕ್ತ.

ಎಷ್ಟು ಇರಬೇಕು?

ಒಳಾಂಗಣ ವಿನ್ಯಾಸಕಾರರು ಸಾಮಾನ್ಯವಾಗಿ 60:30:10ರ ಅನುಪಾತ ಪಾಲಿಸುತ್ತಾರೆ. ಗೋಡೆಗಳ ಬಹುಭಾಗಕ್ಕೆ ಕೆನೆ ಅಥವಾ ಮರಳಿನ ಬಣ್ಣ, ಒಂದು ಗೋಡೆ ಹಾಗೂ ಪರದೆಗಳಿಗೆ ಇಟ್ಟಿಗೆ ಕೆಂಪು, ಉಳಿದ ಅಲ್ಪಭಾಗಕ್ಕೆ ದಿಂಬು, ಹಿತ್ತಾಳೆ ದೀಪ, ಮಣ್ಣಿನ ಕುಂಡಗಳು. ಚಿಕ್ಕ ಫ್ಲಾಟ್‌ಗಳಲ್ಲಿ ಚಾವಣಿ ಬಿಳಿಯಾಗಿಯೇ ಇದ್ದರೆ ಕೋಣೆ ಇಕ್ಕಟ್ಟೆನಿಸದು. ನೆಲ ಈಗಾಗಲೇ ಕೆಂಪು ರೆಡ್ ಆಕ್ಸೈಡ್‌ನದಾಗಿದ್ದರೆ ಗೋಡೆಗೂ ಕೆಂಪು ಬೇಡ. ತಿಳಿ ಬಣ್ಣ ಹಚ್ಚಿದಾಗಲೇ ನೆಲದ ಹೊಳಪು ಎದ್ದು ಕಾಣುತ್ತದೆ.

ಹಚ್ಚುವ ಮುನ್ನ

ಗೋಡೆಯಲ್ಲಿ ತೇವವಿದ್ದರೆ ಎಷ್ಟು ದುಬಾರಿ ಬಣ್ಣವೂ ನಿಲ್ಲದು. ಉಪ್ಪಿನ ಬಿಳಿ ಪದರ ಗಾಢ ಬಣ್ಣದ ಮೇಲೆ ಮತ್ತಷ್ಟು ಎದ್ದು ಕಾಣುತ್ತದೆ. ಆದ್ದರಿಂದ ಮೊದಲು ನೀರು ಸೋರುವುದನ್ನು ನಿಲ್ಲಿಸಬೇಕು.

ಹಳೆಯ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಗೃಹಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಾಗಿಲು, ಕಿಟಕಿಗಳಿಗೆ ಹಚ್ಚಿದ ಎನಾಮಲ್ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಒಣಗಿದ ಬಣ್ಣವನ್ನು ಉಜ್ಜಿದಾಗ ಏಳುವ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಅಂತಹ ಬಣ್ಣವನ್ನು ನೀರು ಚಿಮುಕಿಸಿ ತೇವ ಮಾಡಿಯೇ ಕೆರೆಯಬೇಕು. ಕೆಲಸ ಮುಗಿದು ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವವರೆಗೆ ಮಕ್ಕಳು ಮತ್ತು ಗರ್ಭಿಣಿಯರು ಅಲ್ಲಿರಬಾರದು. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣದ ವಿವರವನ್ನು ಓದಿ ನೋಡುವುದನ್ನೂ ಮರೆಯಬೇಡಿ.