ಗೀತಕರ್ತೃವೂ ಯೂರೋವಿಷನ್ ಗೀತಸ್ಪರ್ಧೆಯೂ

ಕೃತಿಕಾರರನ್ನು ಒಂದು ಸಭೆಯಲ್ಲಿ ಸೇರಿಸಿ ಅವರ ಕೃತಿಗಳ ತಾರತಮ್ಯವನ್ನು ನಿಷ್ಕರ್ಷೆಮಾಡುವ ಪದ್ಧತಿಯು ಹೊಸತಲ್ಲ. ಉಜ್ಜಯಿನಿಯಲ್ಲಿ ಕಾವ್ಯಕರ್ತೃಗಳಿಗೂ ಪಾಟಲೀಪುತ್ರದಲ್ಲಿ ಶಾಸ್ತ್ರಕಾರರಿಗೂ ಪರೀಕ್ಷೆಗಳು ನಡೆಯುತ್ತಿದ್ದುವೆಂಬ ಐತಿಹ್ಯವನ್ನು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಹೇಳಿದ್ದಾನೆ. ಆ ಸಭೆಗಳಿಂದ ಕವಿಗಳಿಗಾದ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ತೂಗಿನೋಡಲು ನಮಗೆ ಸಾಧನಗಳಿಲ್ಲ. ಯೂರೋಪು ಖಂಡದಲ್ಲಿ 1956ನೆಯ ಇಸವಿಯಿಂದ, 2020ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ನಿಂತುದೊಂದನ್ನು ಬಿಟ್ಟರೆ, ಪ್ರತಿವರ್ಷವೂ ದೂರದರ್ಶನದ ಮೂಲಕ ನಡೆದುಬಂದಿರುವ ಯೂರೋವಿಷನ್ ಗೀತಸ್ಪರ್ಧೆಯ ವಿಷಯದಲ್ಲಾದರೋ ಸಾಧನಗಳು ಯಥೇಚ್ಛವಾಗಿವೆ. ಇಂಥ ಸ್ಪರ್ಧೆಯಿಂದ ಹಾಡನ್ನು ಕಟ್ಟುವವನಿಗೆ ಪ್ರಯೋಜನವುಂಟೆ ಎಂಬುದೇ ಪ್ರಕೃತ ಲೇಖನದ ಜಿಜ್ಞಾಸೆ.

ಪಾಠಶಾಲೆಯಲ್ಲಿ ಕೌಮುದಿಯನ್ನೂ ಕಾವ್ಯಗಳನ್ನೂ ಓದಿಕೊಂಡ ಪಂಡಿತನಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ವಾಚಕರು ಕೇಳಬಹುದು. ನನಗೆ ಅಧಿಕಾರವಿರುವುದು ಒಂದೇ ಅಂಶದಲ್ಲಿ. ನಮ್ಮ ಸಂಗೀತಶಾಸ್ತ್ರವು ಗೀತಕ್ಕೆ ಎರಡು ಅಂಗಗಳನ್ನು ಹೇಳುತ್ತದೆ: ಸಾಹಿತ್ಯಭಾಗವು ಮಾತು, ಗೇಯಭಾಗವು ಧಾತು. ಎರಡನ್ನೂ ರಚಿಸಬಲ್ಲವನನ್ನು ಶಾರ್ಙ್ಗದೇವನು ವಾಗ್ಗೇಯಕಾರನೆಂದು ಕರೆದಿದ್ದಾನೆ. ಈ ವಿಭಾಗವನ್ನು ಕೈಯಲ್ಲಿ ಹಿಡಿದು ನೋಡಿದರೆ, ಮೇಲ್ನೋಟಕ್ಕೆ ಬರಿಯ ಗದ್ದಲವಾಗಿ ಕಾಣುವ ಈ ಸ್ಪರ್ಧೆಯ ಇತಿಹಾಸದಲ್ಲಿ ಒಂದು ಕ್ರಮವು ಗೋಚರಿಸುತ್ತದೆ.

ಸ್ಪರ್ಧೆಯ ಉತ್ಪತ್ತಿಯನ್ನು ಮೊದಲು ಹೇಳಬೇಕು. ಮಹಾಯುದ್ಧವು ಮುಗಿದ ಮೇಲೆ, 1950ರಲ್ಲಿ, ಪಶ್ಚಿಮ ಯೂರೋಪಿನ ಪ್ರಸಾರಸಂಸ್ಥೆಗಳು ಒಂದು ಒಕ್ಕೂಟವಾಗಿ ಸೇರಿದುವು. ಇಟಲಿಯ ಸಾನ್ ರೆಮೊ ಪಟ್ಟಣದಲ್ಲಿ 1951ರಿಂದ ಒಂದು ಗೀತೋತ್ಸವವು ನಡೆಯುತ್ತಿದ್ದಿತು. ಅದನ್ನೇ ಮಾದರಿಯಾಗಿಟ್ಟುಕೊಂಡು, ಹಲವು ದೇಶಗಳಿಗೆ ಏಕಕಾಲದಲ್ಲಿ ಚಿತ್ರವನ್ನೂ ಧ್ವನಿಯನ್ನೂ ಕಳುಹಿಸುವ ಯಂತ್ರಸೌಕರ್ಯವನ್ನು ಪರೀಕ್ಷಿಸುವ ಆಶೆಯೂ ಕೂಡಿಬಂದು, 1955ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಸೇರಿದ ಒಕ್ಕೂಟದ ಸಭೆಯು ಸ್ಪರ್ಧೆಗೆ ಒಪ್ಪಿಗೆಯನ್ನು ಕೊಟ್ಟಿತು. ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಬೆಜಾಂಸೋಂ ಎಂಬವರು ಇದಕ್ಕೆ ಮುಖ್ಯ ಪ್ರೇರಕರು. 1956ನೆಯ ಇಸವಿ ಮೇ ತಿಂಗಳು 24ನೆಯ ತಾರೀಖು ಲುಗಾನೊ ನಗರದ ನಾಟಕಶಾಲೆಯಲ್ಲಿ ಏಳು ದೇಶಗಳು ಎರಡೆರಡು ಹಾಡುಗಳನ್ನು ತಂದುವು. ತೀರ್ಪುಗಾರರ ಮತವು ಗುಪ್ತವಾಗಿದ್ದಿತು. ಗೆದ್ದ ಹಾಡು ಯಾವುದೆಂಬುದನ್ನು ಮಾತ್ರ ಸಾರಿದರು. ಉಳಿದ ಹದಿಮೂರರ ಸ್ಥಾನವನ್ನು ಎಂದೂ ಪ್ರಕಟಿಸಲಿಲ್ಲ. ಗೆದ್ದುದು ಸ್ವಿಟ್ಜರ್ಲೆಂಡಿನ ‘ರೆಫ್ರೇಂ’. ಹಾಡಿದಾಕೆ ಲಿಸ್ ಅಸಿಯಾ. ಧಾತುವನ್ನು ರಚಿಸಿದವರು ಝೇಯೋ ವೂಮಾರ್, ಮಾತನ್ನು ರಚಿಸಿದವರು ಎಮಿಲ್ ಗಾರ್ದಾ. ಈ ಕೊನೆಯ ಎರಡು ಹೆಸರುಗಳನ್ನು ಇಂದು ಯೂರೋಪಿನಲ್ಲಿಯೂ ಬಲ್ಲವರು ವಿರಳ. ಗಾಯಕಿಯ ಹೆಸರನ್ನಾದರೋ ಸ್ಪರ್ಧೆಯ ಅಭಿಮಾನಿಗಳೆಲ್ಲರೂ ಬಲ್ಲರು.

ಇದರಲ್ಲಿರುವ ವೈಪರೀತ್ಯವನ್ನು ಗಮನಿಸಬೇಕು. ಈ ಸ್ಪರ್ಧೆಯು ಮೂಲತಃ ಗಾಯಕರ ಸ್ಪರ್ಧೆಯಲ್ಲ, ಗೀತಗಳ ಸ್ಪರ್ಧೆ. ಪ್ರಶಸ್ತಿಯು ಸಲ್ಲತಕ್ಕುದು ಗೀತಕರ್ತೃಗಳಿಗೆ. ದ್ರವ್ಯರೂಪವಾದ ಬಹುಮಾನವು ಇಲ್ಲವೇ ಇಲ್ಲ. 1968ರಲ್ಲಿ ನಡೆದ ಒಂದು ಸಂಗತಿಯು ಈ ತತ್ತ್ವಕ್ಕೆ ಒಳ್ಳೆಯ ನಿದರ್ಶನ. ಸ್ಪೇನ್ ದೇಶವು ‘ಲಾ ಲಾ ಲಾ’ ಎಂಬ ಹಾಡನ್ನು ಆರಿಸಿ ಜೋಆನ್ ಮಾನ್ವೆಲ್ ಸೆರಾತ್ ಎಂಬ ಗಾಯಕನನ್ನು ನೇಮಿಸಿದ್ದಿತು. ಆತನು ತನ್ನ ನಾಡಿನುಡಿಯಾದ ಕತಲಾನಿನಲ್ಲಿ ಹಾಡುವೆನೆಂದು ಪಟ್ಟುಹಿಡಿದನು. ಫ್ರಾಂಕೊನ ಆಡಳಿತವು ನಡೆಯುತ್ತಿದ್ದ ಆ ಕಾಲದಲ್ಲಿ ಅದಕ್ಕೆ ಅನುಮತಿಯು ದೊರೆಯಲಿಲ್ಲ. ಗಾಯಕನನ್ನು ಬಿಟ್ಟು, ಅದೇ ಹಾಡನ್ನು ಮಾಸಿಯೆಲ್ ಎಂಬಾಕೆಯಿಂದ ಹಾಡಿಸಿದರು, ಹಾಡು ಗೆದ್ದಿತು. ಗಾಯಕನು ಬದಲಾದರೂ ಸ್ಪರ್ಧಿಯು ಬದಲಾಗಲಿಲ್ಲ. ಏಕೆಂದರೆ ಸ್ಪರ್ಧಿಯು ಹಾಡೇ. ಹೀಗಿದ್ದರೂ ದೂರದರ್ಶನವು ತೋರಿಸಬಲ್ಲುದು ಮುಖವನ್ನು. ಕಾಣುವ ಮುಖವು ಹಾಡಿದವರದು. ಕೀರ್ತಿಯು ಕಣ್ಣನ್ನು ಹಿಂಬಾಲಿಸಿ ಹೋಯಿತು.

ಇಲ್ಲಿ ಪೂರ್ವಪಕ್ಷಿಯು ಹೇಳುವುದೇನೆಂದರೆ: ಹಣವಿಲ್ಲ, ಹೆಸರಿಲ್ಲ, ಗೆದ್ದ ಹಾಡುಗಳಲ್ಲಿ ಹಲವು ಮರುವರ್ಷಕ್ಕೇ ಮರೆತುಹೋಗಿವೆ, ತೀರ್ಪಿನಲ್ಲಿ ನೆಲೆಯಿಲ್ಲ. 1969ರಲ್ಲಿ ನಾಲ್ಕು ದೇಶಗಳ ಹಾಡುಗಳು ಹದಿನೆಂಟು ಹದಿನೆಂಟು ಮತಗಳನ್ನು ಪಡೆದು ಸಮನಾಗಿ ನಿಂತಾಗ, ಅವುಗಳ ತಾರತಮ್ಯವನ್ನು ನಿರ್ಣಯಿಸುವ ನಿಯಮವೇ ಇಲ್ಲದೆ ನಾಲ್ಕನ್ನೂ ಜಯಶಾಲಿಗಳೆಂದು ಸಾರಬೇಕಾಯಿತು. ಇಂಥ ತಕ್ಕಡಿಯಿಂದ ಕವಿಗೆ ಏನು ಪ್ರಯೋಜನ?

ತಕ್ಕಡಿಯನ್ನು ಕುರಿತ ಈ ಆಕ್ಷೇಪವನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅದರಿಂದ ಪ್ರಯೋಜನವಿಲ್ಲವೆಂಬ ಸಿದ್ಧಾಂತವು ಹೊರಡುವುದಿಲ್ಲ. ಪ್ರಯೋಜನವಿರುವುದು ತೀರ್ಪಿನಲ್ಲಲ್ಲ, ಶ್ರವಣದಲ್ಲಿ. ಒಂದೇ ರಾತ್ರಿಯಲ್ಲಿ ಹತ್ತಾರು ದೇಶಗಳ ಕಿವಿಗೆ ಹಾಡು ಬೀಳುತ್ತದೆ. ಆ ಕಿವಿಗಳಲ್ಲಿ ಕೆಲವು ಇತರ ಗಾಯಕರ ಕಿವಿಗಳು, ವಾದ್ಯಗೋಷ್ಠಿಗಳ ನಾಯಕರ ಕಿವಿಗಳು, ಪ್ರಕಾಶಕರ ಕಿವಿಗಳು.

1958ರಲ್ಲಿ ಹಾಲೆಂಡಿನ ಹಿಲ್ವರ್ಸಮ್ಮಿನಲ್ಲಿ ಇಟಲಿಯ ದೊಮೆನಿಕೊ ಮೊದುನ್ಯೊ, ತಾನೂ ಫ್ರಾಂಕೊ ಮಿಲ್ಯಾಚಿಯೂ ಸೇರಿ ರಚಿಸಿದ ಹಾಡೊಂದನ್ನು ಹಾಡಿದನು. ‘ವೊಲಾರೆ’ ಎಂಬ ಅಡ್ಡಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಪ್ರಸಾರದಲ್ಲಿ ವಿಘ್ನವುಂಟಾದುದರಿಂದ ಆತನು ಕೊನೆಯಲ್ಲಿ ಅದನ್ನು ಮತ್ತೊಮ್ಮೆ ಹಾಡಬೇಕಾಯಿತು. ದೊರೆತುದು ಮೂರನೆಯ ಸ್ಥಾನ. ಅದೇ ವರ್ಷ ಅದು ಅಮೆರಿಕದ ಜನಪ್ರಿಯ ಗೀತಗಳ ಪಟ್ಟಿಯಲ್ಲಿ ಐದು ವಾರ ಮೊದಲನೆಯದಾಗಿ ನಿಂತಿತು. 1959ರಲ್ಲಿ ಮೊತ್ತಮೊದಲಿನ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ವರ್ಷದ ಧ್ವನಿಮುದ್ರಿಕೆಗೆ ಸಲ್ಲುವುದನ್ನೂ ಗೀತರಚನೆಗೆ ಸಲ್ಲುವುದನ್ನೂ ಎರಡನ್ನೂ ಪಡೆಯಿತು.

ಇನ್ನೂ ಸ್ವಾರಸ್ಯವಾದುದು 1964ರ ಸಂಗತಿ. ಆಸ್ಟ್ರಿಯಾದ ಉಡೊ ಯೂರ್ಗೆನ್ಸ್ ತನ್ನದೇ ಧಾತುವಿಗೆ ಜರ್ಮನ್ ಮಾತನ್ನು ಹಾಡಿ ಸೋತನು. ಆ ರಾತ್ರಿ ಬ್ರಿಟನ್ನಿನ ಪರವಾಗಿ ಹಾಡಿ ಎರಡನೆಯ ಸ್ಥಾನಕ್ಕೆ ಬಂದವನು ಮ್ಯಾಟ್ ಮನ್ರೊ. ಆತನು ತಾನು ಹಾಡಿದ ಹಾಡಿಗಿಂತ ಎದುರಾಳಿಯ ಹಾಡನ್ನೇ ಹೆಚ್ಚಾಗಿ ಮೆಚ್ಚಿದನೆಂದು ಕಾಣುತ್ತದೆ. ಡಾನ್ ಬ್ಲ್ಯಾಕ್ ಎಂಬ ಕವಿಯ ಇಂಗ್ಲೀಷು ಮಾತನ್ನು ಅದೇ ಧಾತುವಿಗೆ ಕೂಡಿಸಿ, ‘ವಾಕ್ ಅವೇ’ ಎಂಬ ಹೆಸರಿನಲ್ಲಿ ಅದನ್ನು ಹಾಡಿ, ಬ್ರಿಟನ್ನಿನಲ್ಲೆಲ್ಲಾ ಪ್ರಚಾರಪಡಿಸಿದನು. ಯೂರ್ಗೆನ್ಸ್ ಮರುವರ್ಷವೂ ಬಂದನು. 1966ರಲ್ಲಿ ಮೂರನೆಯ ಸಲ ಬಂದು ‘ಮೆರ್ಸಿ ಶೆರಿ’ ಎಂಬ ಹಾಡಿನಿಂದ ಗೆದ್ದನು. ಮೊದಲ ಸೋಲು ಆತನಿಗೆ ಕೊಟ್ಟುದನ್ನು ಯಾವ ನಷ್ಟದ ಲೆಕ್ಕದಲ್ಲಿಯೂ ಬರೆಯಲಾಗದು.

ಲಕ್ಸೆಂಬೂರ್ಗಿನ ಪರವಾಗಿ 1967ರಲ್ಲಿ ಹಾಡಿದ ‘ಲಾಮೂರ್ ಎ ಬ್ಲೂ’ ಎಂಬುದರ ಗತಿಯು ಮತ್ತೊಂದು ಬಗೆಯದು. ಧಾತು ಆಂದ್ರೆ ಪಾಪ್ ಅವರದು, ಮಾತು ಪಿಯೆರ್ ಕೂರ್ ಅವರದು, ಸ್ಥಾನ ನಾಲ್ಕನೆಯದು. ಪೋಲ್ ಮೊರಿಯಾ ಎಂಬ ವಾದ್ಯಗೋಷ್ಠಿಯ ನಾಯಕನು ಮಾತನ್ನು ಪೂರ್ತಿಯಾಗಿ ತೆಗೆದುಹಾಕಿ ವಾದ್ಯಗಳಿಂದಲೇ ಅದನ್ನು ನುಡಿಸಿದನು. 1968ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಐದು ವಾರ ಅಗ್ರಸ್ಥಾನದಲ್ಲಿದ್ದಿತು. ಸ್ಪರ್ಧೆಯಲ್ಲಿ ಅದನ್ನು ಸೋಲಿಸಿದ ‘ಪಪೆಟ್ ಆನ್ ಎ ಸ್ಟ್ರಿಂಗ್’ ಎಂಬ ಹಾಡನ್ನಾದರೋ, ಗೆಲ್ಲಿಸಿದ ಗಾಯಕಿಯೇ ಇಷ್ಟಪಡುತ್ತಿರಲಿಲ್ಲವೆಂಬುದು ಪ್ರಸಿದ್ಧವಾಗಿದೆ.

ಈ ಉದಾಹರಣೆಗಳಿಂದ ಒಂದು ಅಂಶವು ಸ್ಪಷ್ಟಪಡುತ್ತದೆ. ಗಡಿಯನ್ನು ದಾಟಿಹೋಗುವುದು ಪ್ರಾಯಶಃ ಧಾತು. ಮಾತು ಗಡಿಯಲ್ಲಿಯೇ ನಿಲ್ಲುತ್ತದೆ, ಇಲ್ಲವೆ ಬೇರೊಬ್ಬನ ಮಾತಿಗೆ ಸ್ಥಳವನ್ನು ಬಿಟ್ಟುಕೊಡುತ್ತದೆ. ಆದುದರಿಂದ ಸ್ಪರ್ಧೆಯ ಪ್ರಯೋಜನವು ಸ್ವರಕರ್ತೃವಿಗೆ ಒಂದು ಪ್ರಮಾಣದಲ್ಲಿಯೂ ಪದಕರ್ತೃವಿಗೆ ಮತ್ತೊಂದು ಪ್ರಮಾಣದಲ್ಲಿಯೂ ಸಲ್ಲುತ್ತದೆ. ಸಾಹಿತ್ಯವನ್ನು ಬೋಧಿಸುವ ನಮಗೆ ಚಿಂತೆಯಿರಬೇಕಾದುದು ಎರಡನೆಯವನ ವಿಷಯದಲ್ಲಿ.

ಸೆರ್ಜ್ ಗ್ಯಾನ್ಸ್‌ಬೂರ್ ಎಂಬ ಫ್ರೆಂಚ್ ಕವಿಯು 1965ರಲ್ಲಿ ಹದಿನೇಳು ವಯಸ್ಸಿನ ಫ್ರಾನ್ಸ್ ಗಾಲ್ ಎಂಬ ಹುಡುಗಿಗೆ ಬರೆದುಕೊಟ್ಟ ಹಾಡು ನೇಪಲ್ಸಿನಲ್ಲಿ ಗೆದ್ದಿತು. ಅದರ ಹೆಸರಿನಲ್ಲಿಯೇ ಒಂದು ಶ್ಲೇಷವಿದೆ. ‘ಸೀರ್’ ಎಂದರೆ ಮೇಣ; ಧ್ವನಿಮುದ್ರಿಕೆಯನ್ನೂ ಅದು ಧ್ವನಿಸುತ್ತದೆ. ‘ಸೋಂ’ ಎಂದರೆ ಬೊಂಬೆಯ ಹೊಟ್ಟೆಗೆ ತುಂಬುವ ಹೊಟ್ಟು. ಅದೇ ಶಬ್ದಕ್ಕೆ ನಾದವೆಂದೂ ಅರ್ಥ. ಪರರು ಬರೆದುದನ್ನು ಹಾಡುವ ಬೊಂಬೆ ನಾನು ಎಂದು ಹಾಡುವವಳ ಬಾಯಿಂದಲೇ ಕವಿಯು ನುಡಿಸಿದ್ದಾನೆ. ಗೀತಕರ್ತೃವಿಗೂ ಗಾಯಕಿಗೂ ಇರುವ ಸಂಬಂಧವನ್ನೇ ವಸ್ತುವಾಗಿಟ್ಟುಕೊಂಡ ಹಾಡು ಅಂಥ ಸ್ಪರ್ಧೆಯಲ್ಲಿಯೇ ಗೆದ್ದುದು ವಿನೋದವಾಗಿದೆ. ಗಾಲ್ ಅದನ್ನು ಮುಂದೆ ಜರ್ಮನ್, ಇಟಾಲಿಯನ್, ಜಪಾನೀ ಭಾಷೆಗಳಲ್ಲಿಯೂ ಹಾಡಿದಳು. ಶಬ್ದಶ್ಲೇಷವು ಪರಿವೃತ್ತಿಯನ್ನು ಸಹಿಸದೆಂಬುದು ನಮ್ಮ ಆಲಂಕಾರಿಕರ ಮತವಷ್ಟೆ. ಬೊಂಬೆಯು ದೇಶಾಂತರಕ್ಕೆ ಹೋದಾಗ ಅವಳ ಹೊಟ್ಟೆಯ ಹೊಟ್ಟು ನಾದವಾಗುವ ಚಮತ್ಕಾರವು ಫ್ರಾನ್ಸಿನಲ್ಲಿಯೇ ಉಳಿಯಿತು.

ಮಾತಿನ ಈ ಸಂಕಟವನ್ನು ಸ್ಪರ್ಧೆಯ ನಡೆಸುವವರು ನಿಯಮಗಳಿಂದ ಹಲವು ಸಲ ತಿದ್ದಲು ಯತ್ನಿಸಿದರು. 1965ರಲ್ಲಿ ಸ್ವೀಡನ್ನಿನ ಗಾಯಕನು ಇಂಗ್ಲೀಷಿನಲ್ಲಿ ಹಾಡಿದ ಮೇಲೆ, 1966ರಿಂದ 1972ರ ವರೆಗೆ ಸ್ವದೇಶಭಾಷೆಯು ಕಡ್ಡಾಯವಾಯಿತು. 1973ರಿಂದ 1976ರ ವರೆಗೆ ಸ್ವಾತಂತ್ರ್ಯ. 1977ರಿಂದ 1998ರ ವರೆಗೆ ಪುನಃ ನಿರ್ಬಂಧ. 1999ರಿಂದ ಈಚೆಗೆ ಪುನಃ ಸ್ವಾತಂತ್ರ್ಯ. ನಿರ್ಬಂಧದ ಕಾಲದಲ್ಲಿ ಕೆಲವರು ಅರ್ಥವಿಲ್ಲದ ಅಕ್ಷರಗಳ ಮರೆಹೊಕ್ಕರು. ‘ಲಾ ಲಾ ಲಾ’ ಅಂಥದು. 1969ರ ‘ಬೂಮ್ ಬ್ಯಾಂಗ್ ಎ ಬ್ಯಾಂಗ್’ ಅಂಥದು. ಇದನ್ನು ನೋಡಿ ನಗುವವರಿಗೆ ಸಾಮಗಾನದ ಸ್ತೋಭಾಕ್ಷರಗಳನ್ನೂ ಪ್ರಬಂಧಗಳ ತೇನಕ, ಪಾಟಗಳನ್ನೂ ನೆನಪುಮಾಡಿಕೊಡುತ್ತೇನೆ. ಅರ್ಥರಹಿತವಾದ ಅಕ್ಷರವು ಗಾನದಲ್ಲಿ ದೋಷವಲ್ಲ. ನಿರ್ಬಂಧವೊಂದೇ ಇದಕ್ಕೆ ಕಾರಣವೆಂದೂ ಹೇಳಲಾಗದು. 1975ರಲ್ಲಿ, ಸ್ವಾತಂತ್ರ್ಯವಿದ್ದಾಗಲೇ, ಹಾಲೆಂಡಿನವರು ‘ಡಿಂಗ್ ಎ ಡಾಂಗ್’ ಎಂದು ಇಂಗ್ಲೀಷಿನಲ್ಲಿ ಹಾಡಿ ಗೆದ್ದರು.

ಸ್ವಾತಂತ್ರ್ಯದಿಂದ ಲಾಭಪಡೆದವರಲ್ಲಿ ಅಗ್ರಗಣ್ಯರು ಸ್ವೀಡನ್ನಿನ ಆಬಾ ತಂಡದವರು. 1974ರ ‘ವಾಟರ್ಲೂ’ವನ್ನು ಸ್ವದೇಶದ ಆಯ್ಕೆಯಲ್ಲಿ ಸ್ವೀಡಿಷ್ ಮಾತಿನಿಂದಲೂ ಬ್ರೈಟನ್ನಿನಲ್ಲಿ ಇಂಗ್ಲೀಷು ಮಾತಿನಿಂದಲೂ ಹಾಡಿದರು. ಮುಂದಿನ ಕಥೆಯು ಸರ್ವವಿದಿತ. ಆದರೆ ಆ ರಾತ್ರಿಯೇ ಬ್ರೈಟನ್ನಿನಲ್ಲಿ ಮೂರೇ ಅಂಕಗಳನ್ನು ಪಡೆದು ಕಡೆಯ ಸ್ಥಾನವನ್ನು ಹಂಚಿಕೊಂಡ ಒಂದು ಪೋರ್ಚುಗೀಸ್ ಹಾಡಿದೆ. ‘ಇ ದೆಪೊಯಿಶ್ ದು ಅದೆವುಶ್’ ಎಂದು ಅದರ ಹೆಸರು. ಮಾತು ಝೋಸೆ ನೀಝ ಅವರದು, ಧಾತು ಝೋಸೆ ಕಾಲ್ವಾರಿಯು ಅವರದು, ವಸ್ತು ಪ್ರಣಯಭಂಗ. ಸ್ಪರ್ಧೆಯು ಮುಗಿದು ಹದಿನೆಂಟು ದಿನಗಳಾಗಿದ್ದುವು. ಏಪ್ರಿಲ್ 24ನೆಯ ರಾತ್ರಿ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಲಿಸ್ಬನ್ನಿನ ಆಕಾಶವಾಣಿಯು ಅದನ್ನು ಪ್ರಸಾರಮಾಡಿತು. ಸರ್ವಾಧಿಕಾರವನ್ನು ಕಿತ್ತೊಗೆಯಲು ಸಿದ್ಧರಾಗಿದ್ದ ಸೈನಿಕರಿಗೆ ಅದೇ ಮೊದಲನೆಯ ಸಂಜ್ಞೆ. ಎಲ್ಲರೂ ಕೇಳಿ ಬಲ್ಲ ಹಾಡು, ಪ್ರೇಮದ ಹಾಡು. ಯಾರಿಗೂ ಸಂಶಯವು ಹುಟ್ಟಲಾರದೆಂದೇ ಅದನ್ನು ಆರಿಸಿದ್ದರು. ಮರುದಿನ ದೇಶದ ರಾಜ್ಯವ್ಯವಸ್ಥೆಯೇ ಬದಲಾಯಿತು. ನೀಝ, ಕಾಲ್ವಾರಿಯು ಇಬ್ಬರೂ ಇದನ್ನು ಉದ್ದೇಶಿಸಿ ರಚಿಸಿದವರಲ್ಲ. ಕೃತಿಯು ಕರ್ತೃವಿನ ಕೈಬಿಟ್ಟಮೇಲೆ ಎಲ್ಲೆಲ್ಲಿ ಸಂಚರಿಸುವುದೆಂಬುದಕ್ಕೆ ಇದಕ್ಕಿಂತ ವಿಚಿತ್ರವಾದ ದೃಷ್ಟಾಂತವು ನನಗೆ ತಿಳಿದಿಲ್ಲ.

ಅಪ್ರಸಿದ್ಧರಿಗೆ ಬಾಗಿಲು ತೆರೆದುದನ್ನೂ ಹೇಳಬೇಕು. 1970ರಲ್ಲಿ ಐರ್ಲೆಂಡಿಗೆ ಮೊದಲ ಜಯವನ್ನು ತಂದ ಹಾಡನ್ನು ರಚಿಸಿದ ಡೆರಿ ಲಿಂಡ್ಸೆ, ಜ್ಯಾಕಿ ಸ್ಮಿತ್ ಎಂಬಿಬ್ಬರು ಡಬ್ಲಿನ್ನಿನ ವರ್ತಮಾನಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಕೆಲಸಮಾಡುತ್ತಿದ್ದವರು. ಅದೇ ದೇಶದ ಬ್ರೆಂಡನ್ ಗ್ರಹಾಂ 1994ರಲ್ಲಿಯೂ 1996ರಲ್ಲಿಯೂ ಗೀತಕರ್ತೃವಾಗಿ ಗೆದ್ದರು. ನಾರ್ವೆಯ ರೋಲ್ಫ್ ಲೋವ್‌ಲಾಂಡ್ 1985ರಲ್ಲಿ ಗೆದ್ದುದಲ್ಲದೆ, 1995ರಲ್ಲಿ ಇಪ್ಪತ್ತುನಾಲ್ಕೇ ಶಬ್ದಗಳ ಸಾಹಿತ್ಯವಿದ್ದ, ಬಹುಭಾಗ ವಾದ್ಯಮಯವಾದ ಹಾಡಿನಿಂದ ಪುನಃ ಗೆದ್ದರು. ಗ್ರಹಾಮರ ಕಾದಂಬರಿಯೊಂದನ್ನು ಓದಿ ಮೆಚ್ಚಿ, ತಮ್ಮ ಧಾತುವೊಂದಕ್ಕೆ ಮಾತನ್ನು ಬರೆಯಬೇಕೆಂದು ಲೋವ್‌ಲಾಂಡ್ ಕೇಳಿಕೊಂಡುದರಿಂದ ಹುಟ್ಟಿದುದು ‘ಯೂ ರೇಸ್ ಮಿ ಅಪ್’. ನೂರಾರು ಗಾಯಕರು ಹಾಡಿರುವ ಆ ಗೀತವು ಸ್ಪರ್ಧೆಗೆ ಹೋಗಲೇ ಇಲ್ಲ.

1999ರಿಂದ ಈಚಿನ ಸ್ಥಿತಿಯು ಬೇರೆ. ಭಾಷಾನಿರ್ಬಂಧವು ಹೋದ ವರ್ಷವೇ ವಾದ್ಯವೃಂದವೂ ಹೋಯಿತು. ಮೊದಲೇ ಮುದ್ರಿಸಿದ ವಾದ್ಯಧ್ವನಿಗೆ ಹಾಡುವುದು ರೂಢಿಯಾಯಿತು. ಗೀತಕರ್ತೃಗಳು ಗುಂಪಾಗಿ ಸೇರಿ ಯಾವ ದೇಶಕ್ಕಾದರೂ ಹಾಡನ್ನು ಒದಗಿಸತೊಡಗಿದರು. 2011ರಲ್ಲಿ ಅಜರ್ಬೈಜಾನ್ ಗೆದ್ದ ಹಾಡಿನ ಕರ್ತೃಗಳು ಸ್ವೀಡನ್ನಿನ ಇಬ್ಬರು, ಬ್ರಿಟನ್ನಿನ ಒಬ್ಬರು. ಆ ದೇಶದವರು ಯಾರೂ ಇಲ್ಲ. 2023ರಲ್ಲಿ ಗೆದ್ದ ‘ಟ್ಯಾಟೂ’ವಿಗೆ ಆರು ಮಂದಿ ಕರ್ತೃಗಳು. ಇವರಿಗೆ ಜೀವನೋಪಾಯವು ದೊರೆತಿದೆ. ಅದನ್ನು ಲಘುವಾಗಿ ಕಾಣಲಾಗದು. ಆದರೆ ಎಲ್ಲಿಯ ಬಾಯಿಗೂ ಒದಗಬೇಕಾದ ಮಾತು ಯಾವ ಊರಿನ ಮಣ್ಣನ್ನೂ ಮೆಟ್ಟದೆ ನಡೆಯಬೇಕಾಗುತ್ತದೆ. ಗ್ಯಾನ್ಸ್‌ಬೂರನ ಶ್ಲೇಷದಂಥದು ಅಲ್ಲಿ ಹುಟ್ಟುವುದು ದುರ್ಲಭವೆಂದು ನನ್ನ ಎಣಿಕೆ.

ಇದಕ್ಕೆ ಅಪವಾದವಾಗಿ 2017ರ ಕೀವ್ ನಗರದ ಸ್ಪರ್ಧೆಯು ನಿಂತಿದೆ. 1964ರಲ್ಲಿ ಸೊನ್ನೆಯಿಂದ ಆರಂಭಿಸಿ ಅದುವರೆಗೆ ಒಮ್ಮೆಯೂ ಗೆಲ್ಲದಿದ್ದ ಪೋರ್ಚುಗಲ್ಲಿನವರು, ಲುಯೀಝ ಸೊಬ್ರಾಲ್ ಎಂಬಾಕೆಯೊಬ್ಬಳೇ ಮಾತುಧಾತುಗಳೆರಡನ್ನೂ ರಚಿಸಿದ ಪೋರ್ಚುಗೀಸ್ ಹಾಡನ್ನು ತಂದರು. ಆಕೆಯ ತಮ್ಮ ಸಾಲ್ವದೋರ್ ಅದನ್ನು ಹಾಡಿ 758 ಅಂಕಗಳಿಂದ ಗೆದ್ದನು. ಜಯವನ್ನು ಸಾರಿದ ಮೇಲೆ ರೂಢಿಯಂತೆ ಹಾಡನ್ನು ಮತ್ತೊಮ್ಮೆ ಹಾಡಬೇಕಾದಾಗ ಆತನು ಅಕ್ಕನನ್ನು ವೇದಿಕೆಗೆ ಕರೆದನು. ಇಬ್ಬರೂ ಕೂಡಿ ಹಾಡಿದರು. ಆ ರಾತ್ರಿ ವಾಗ್ಗೇಯಕಾರಳ ಮುಖವನ್ನು ಯೂರೋಪು ಕಂಡಿತು.

ಲುಗಾನೊವಿನ ಮೊದಲ ಸ್ಪರ್ಧೆಯ ಚಿತ್ರಮುದ್ರಿಕೆಯು ಪೂರ್ತಿಯಾಗಿ ಉಳಿದಿಲ್ಲ. ಗೆದ್ದ ಹಾಡನ್ನು ಎರಡನೆಯ ಸಲ ಹಾಡಿದ ಭಾಗವು ಮಾತ್ರ ಉಳಿದಿದೆ. ಅದರ ಸ್ವರಕರ್ತೃವಾದ ವೂಮಾರ್ 1967ರಲ್ಲಿ ಇನ್ನಿಬ್ಬರೊಡನೆ ಸೇರಿ ಮೋಂಟ್ರೋ ನಗರದ ಜ್ಯಾಜ಼್ ಸಂಗೀತೋತ್ಸವವನ್ನು ಸ್ಥಾಪಿಸಿದರು. ಆ ಉತ್ಸವವು ಮುಖ್ಯವಾಗಿ ಸ್ಥಾನಗಳನ್ನು ಹಂಚುವ ಸಭೆಯಲ್ಲ. ಬಂದವರು ನುಡಿಸುತ್ತಾರೆ, ಸೇರಿದವರು ಕೇಳುತ್ತಾರೆ.