ದುಃಖದಲ್ಲಿ ನಿರೀಕ್ಷೆ: ಬಹ್ರೈನಿನ ಒಂದು ಹಳೆಯ ಪ್ರಸಂಗ



ನಾವು ಮನೆ ಮಾಡಿಕೊಂಡಿರುವ ಸೀಫ್ ಬಡಾವಣೆಯ ಹೆಸರಿಗೆ ಅರಬ್ಬಿಯಲ್ಲಿ ಕಡಲ ದಂಡೆ ಎಂದು ಅರ್ಥ. ಇಂದು ಮಾಲ್‌ಗಳೂ ಎತ್ತರದ ಕಟ್ಟಡಗಳೂ ನಿಂತಿರುವ ಈ ನೆಲದ ಬಹುಭಾಗ ನೂರು ವರ್ಷಗಳ ಹಿಂದೆ ಸಮುದ್ರವೇ ಆಗಿತ್ತು. ಮಣ್ಣು ತುಂಬಿ ಮಾಡಿದ ನೆಲದಲ್ಲಿ ಹಿರಿಯರ ಗುರುತು ಇರುವುದಾದರೂ ಹೇಗೆ? ಊರಿನಿಂದ ಸಾವಿನ ಸುದ್ದಿ ಬಂದಾಗ ಹೋಗಿ ಒಂದು ಗಳಿಗೆ ನಿಲ್ಲೋಣವೆಂದರೆ ನಮ್ಮವರ ಒಂದು ಸಮಾಧಿಯೂ ಇಲ್ಲಿಲ್ಲ.

ಇದು ನಮಗೆ ಮನದಟ್ಟಾದದ್ದು 2020ರ ಮೇ ತಿಂಗಳಲ್ಲಿ. ಆಗ ಉಡುಪಿಯಲ್ಲಿ ನಮ್ಮ ತಂದೆಯವರು ಹೃದಯಾಘಾತದಿಂದ ತೀರಿಕೊಂಡರು. ಕೊರೋನಾ ಕಾಲ, ವಿಮಾನಗಳು ನಿಂತಿದ್ದವು. ಹೂಳುವಾಗ 20 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ನಾವು ಬಾಸೆಲ್ ಮಿಶನ್ ಪರಂಪರೆಯ ಮನೆಯವರು, ಕನ್ನಡದಲ್ಲೇ ಹಾಡಿ ಕನ್ನಡದಲ್ಲೇ ಬೀಳ್ಕೊಡುವವರು. ತಮ್ಮ ಹಿಡಿದ ಫೋನಿನಲ್ಲಿ ಎಲ್ಲವನ್ನೂ ನೋಡುತ್ತಿದ್ದಂತೆ, ಕೀರ್ತನೆಯ ನಡುವೆಯೇ ಸಂಪರ್ಕ ಕಡಿದುಹೋಯಿತು. ಮಣ್ಣು ಹಾಕಿದ್ದನ್ನು ನಾವು ಕಾಣಲಿಲ್ಲ. ಸಂಜೆ ಅಮ್ಮ ಫೋನ್ ಮಾಡಿ, "ಅಲ್ಲೇ ಪ್ರಾರ್ಥನೆ ಮಾಡು ಮಗಾ, ದೇವರಿಗೆ ದೂರ ಹತ್ತಿರ ಇಲ್ಲ" ಎಂದರು. ನಮಗೆ ಪ್ರಾರ್ಥನೆ ಬರಲಿಲ್ಲ.

ಮನೆಯಲ್ಲೇ ಕುಳಿತ ಆ ದಿನಗಳಲ್ಲಿ ಈ ದ್ವೀಪದ ಹಳೆಯ ಚರಿತ್ರೆಯನ್ನು ಓದತೊಡಗಿದೆವು. ಆಗ ಸಿಕ್ಕಿದ್ದು ಇಬ್ಬರು ಹೆಣ್ಣುಮಕ್ಕಳ ಕಥೆ.

ಅಮೆರಿಕದ ಮಿಶಿಗನ್ ಪ್ರಾಂತದಲ್ಲಿ 1867ರಲ್ಲಿ ಹುಟ್ಟಿದ ಸ್ಯಾಮುಯೆಲ್ ಜ್ವೀಮರ್ ಎಂಬ ಪಾದ್ರಿ 1892ರ ಡಿಸೆಂಬರಿನಲ್ಲಿ ಬಹ್ರೈನಿಗೆ ಬಂದರು. 1896ರಲ್ಲಿ ಬಾಗ್ದಾದಿನಲ್ಲಿ ಸೇವೆಯಲ್ಲಿದ್ದ ಏಮಿ ವಿಲ್ಕ್ಸ್ ಎಂಬ ದಾದಿಯನ್ನು ವಿವಾಹವಾದರು. ಆಗಿನ ಬಹ್ರೈನ್ ಮುತ್ತಿನ ವ್ಯಾಪಾರದ ನಾಡು. ತೈಲ ಸಿಕ್ಕಿದ್ದು 1932ರಲ್ಲಿ. ವಿದ್ಯುತ್ತಾಗಲಿ ಕೊಳಾಯಿಯ ನೀರಾಗಲಿ ಇರಲಿಲ್ಲ. ಏಮಿಯವರು 1899ರಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಆರಂಭಿಸಿದರು. 1903ರಲ್ಲಿ ಇವರ ಮಿಶನ್ ಮನಾಮದಲ್ಲಿ ಮೇಸನ್ ಸ್ಮಾರಕ ಆಸ್ಪತ್ರೆಯನ್ನು ತೆರೆಯಿತು. ನಮ್ಮಲ್ಲಿ ಎಷ್ಟೋ ಮಂದಿ ಚೀಟಿ ಮಾಡಿಸಿ ಕಾದು ಕುಳಿತಿರುವ ಅಮೆರಿಕನ್ ಮಿಶನ್ ಆಸ್ಪತ್ರೆಯ ಮೂಲ ಅದೇ.

ಆಸ್ಪತ್ರೆ ತೆರೆದ ಮರುವರ್ಷ, 1904ರ ಜುಲೈ ತಿಂಗಳ ಬೇಸಗೆಯಲ್ಲಿ, ಜ್ವೀಮರರ ಮಕ್ಕಳಾದ ಏಳು ವರ್ಷದ ಕ್ಯಾಥರೀನಾ, ನಾಲ್ಕು ವರ್ಷದ ರೂತ್ ಇಬ್ಬರೂ ಆಮಶಂಕೆಗೆ ತುತ್ತಾದರು. ಎಂಟು ದಿನಗಳ ಒಳಗೆ ಒಬ್ಬರ ಹಿಂದೆ ಒಬ್ಬರು ಹೋದರು. ತಾಯಿ ದಾದಿ, ಪಕ್ಕದಲ್ಲೇ ಆಸ್ಪತ್ರೆ. ಆದರೂ ಮಕ್ಕಳು ಉಳಿಯಲಿಲ್ಲ. ಮನಾಮದ ಕ್ರೈಸ್ತ ಸಮಾಧಿಸ್ಥಾನದಲ್ಲಿ ಅವರನ್ನು ಹೂಳಲಾಯಿತು.

ರಸಾಯನಶಾಸ್ತ್ರ ಓದಿದ ನಮ್ಮ ಮನಸ್ಸು ಇಲ್ಲಿ ತಕ್ಷಣ ಲೆಕ್ಕಕ್ಕೆ ತೊಡಗುತ್ತದೆ. ಆಮಶಂಕೆಯ ಒಂದು ಮುಖ್ಯ ರೋಗಾಣುವನ್ನು ಜಪಾನಿನ ಕಿಯೋಶಿ ಶಿಗಾ 1897ರಲ್ಲೇ ಗುರುತಿಸಿದ್ದರು. ಅದನ್ನು ಕೊಲ್ಲುವ ಔಷಧಿ ಬರಲು ಇನ್ನೂ ಹಲವು ದಶಕಗಳು ಬೇಕಾಗಿದ್ದವು. ಭೇದಿಯಿಂದ ಒಣಗಿದ ದೇಹಕ್ಕೆ ಬರಿಯ ನೀರಿಗಿಂತ ಉಪ್ಪು ಸಕ್ಕರೆ ಬೆರೆಸಿದ ನೀರು ಬೇಗ ಹತ್ತುತ್ತದೆ. ಕರುಳು ಉಪ್ಪನ್ನೂ ಸಕ್ಕರೆಯನ್ನೂ ಜೊತೆಜೊತೆಯಾಗಿ ಒಳಗೆ ಎಳೆದುಕೊಳ್ಳುವಾಗ ನೀರೂ ಹಿಂಬಾಲಿಸುತ್ತದೆ. ಇದು ಚಿಕಿತ್ಸೆಯಾಗಿ ರೂಢಿಗೆ ಬಂದದ್ದು 1960ರ ದಶಕದ ನಂತರ. 1971ರಲ್ಲಿ ಡಾ. ದಿಲೀಪ್ ಮಹಾಲನೋಬಿಸ್ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಇದರಿಂದಲೇ ಸಾವಿರಾರು ಜನರ ಜೀವ ಉಳಿಸಿದರು. ಮನಾಮದ ಅಡುಗೆಮನೆಯಲ್ಲೂ ಉಪ್ಪು ಸಕ್ಕರೆ ಎರಡೂ ಇದ್ದಿರಬೇಕು. ಆ ತಿಳಿವಳಿಕೆ ಮಾತ್ರ ಇರಲಿಲ್ಲ.

ಈ ವಿವರಣೆಯೆಲ್ಲ ನಿಜ. ಆದರೆ ಆ ತಾಯಿಯ ಎದುರು ಕುಳಿತು ಇದನ್ನು ಹೇಳಿದ್ದರೆ ಆಕೆಗೆ ಏನು ಸಮಾಧಾನವಾಗುತ್ತಿತ್ತು? ತಂದೆಯವರು ಹೋದ ಮೇಲೆ ನಾವೂ ರಾತ್ರಿಯೆಲ್ಲ ಇಂಥದೇ ಲೆಕ್ಕ ಹಾಕುತ್ತಿದ್ದೆವು. ಅರ್ಧ ಗಂಟೆ ಮೊದಲು ವೈದ್ಯರು ಸಿಕ್ಕಿದ್ದರೆ? ಹಿಂದಿನ ವರ್ಷವೇ ಪರೀಕ್ಷೆ ಮಾಡಿಸಿದ್ದರೆ? ಉತ್ತರ ಸಿಕ್ಕಿತು, ನಿದ್ದೆ ಬರಲಿಲ್ಲ.

ಜ್ವೀಮರ್ ದಂಪತಿಗಳು ಮಕ್ಕಳ ಸಮಾಧಿಯ ಮೇಲೆ ಬೈಬಲ್ಲಿನ ಕೊನೆಯ ಪುಸ್ತಕದ ಒಂದು ಮಾತನ್ನು ಕೆತ್ತಿಸಿದರು. ಐಶ್ವರ್ಯವನ್ನು ಹೊಂದಲು ದೇವರ ಕುರಿಮರಿಯಾದ ಕ್ರಿಸ್ತನೇ ಯೋಗ್ಯನೆಂಬುದು ಅದರ ಭಾವ. ಏಕೆ ಹೀಗಾಯಿತೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ನಮ್ಮಲ್ಲಿದ್ದ ಐಶ್ವರ್ಯ ಇವರಿಬ್ಬರೇ, ಇವರನ್ನು ನಿನ್ನ ಕೈಯಲ್ಲಿಟ್ಟಿದ್ದೇವೆ ಎಂದು ತಂದೆತಾಯಿ ಹೇಳಿದ ಹಾಗೆ ನಮಗೆ ಕೇಳಿಸುತ್ತದೆ.

ಅವರ ಮತಪ್ರಚಾರದ ಉದ್ದೇಶವನ್ನು ಓದುಗರಲ್ಲಿ ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಕೆಲಸ ನಿಲ್ಲಲಿಲ್ಲವೆಂಬುದು ಚರಿತ್ರೆ. 1905ರಲ್ಲಿ ಅದೇ ಮಿಶನ್ನಿನ ವೈದ್ಯೆ ಮೇರಿಯನ್ ಥಾಮ್ಸ್ ಬಹ್ರೈನಿನಲ್ಲೇ ವಿಷಮಶೀತ ಜ್ವರದಿಂದ ತೀರಿಕೊಂಡರು. 1913ರಲ್ಲಿ ಅವರ ಪತಿ, ವೈದ್ಯರಾದ ಶಾರನ್ ಥಾಮ್ಸ್, ಒಮಾನಿನಲ್ಲಿ ಮಡಿದರು. ಎಳವೆಯಲ್ಲೇ ತಬ್ಬಲಿಯಾದ ಮಗ ವೆಲ್ಸ್ ಥಾಮ್ಸ್ ಓದಿ ವೈದ್ಯನಾಗಿ, ತಂದೆತಾಯಿಯರನ್ನು ನುಂಗಿದ ಈ ಕೊಲ್ಲಿಗೇ ಮರಳಿ ಬಂದು, 1939ರಿಂದ 1970ರವರೆಗೆ ಒಮಾನಿನಲ್ಲಿ ರೋಗಿಗಳ ಸೇವೆ ಮಾಡಿದರು.

ಕನ್ನಡಿಗರಾದ ನಮಗೆ ಇದಕ್ಕೆ ಹೋಲುವ ಇನ್ನೊಂದು ಬಾಳು ನೆನಪಾಗದಿರದು. 1853ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲರು 1860ರ ದಶಕದಲ್ಲೇ ಪತ್ನಿ ಪೌಲೀನರನ್ನು ಕಳೆದುಕೊಂಡರು. ಅವರು ಕನ್ನಡವನ್ನು ಕೈಬಿಡಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಅವರ ನಿಘಂಟನ್ನು ನಾವಿಂದಿಗೂ ತೆರೆಯುತ್ತೇವೆ.

ಕನ್ನಡ ಕ್ರೈಸ್ತರ ಮಾತಿನಲ್ಲಿ ನಂಬಿಕೆ, ಪ್ರೀತಿಗಳ ಜೊತೆಗೆ ಬರುವ ಮೂರನೆಯ ಪದ ನಿರೀಕ್ಷೆ. ಅದು ಅಳಬಾರದೆಂದು ಹೇಳುವುದಿಲ್ಲ. ಲಾಜರನ ಸಮಾಧಿಯ ಬಳಿ ಯೇಸುವೇ ಅತ್ತನಲ್ಲ! ಸತ್ತವರು ದೇವರ ಕೈಯಲ್ಲಿದ್ದಾರೆ, ಒಂದು ದಿನ ಎದ್ದು ಬರುತ್ತಾರೆಂಬ ಎದುರುನೋಟವೇ ನಿರೀಕ್ಷೆ. ಎದುರು ನೋಡುವವನು ಕೈಕಟ್ಟಿ ಕೂರುವುದಿಲ್ಲ, ಮನೆಗೆಲಸ ಮಾಡುತ್ತಲೇ ದಾರಿ ನೋಡುತ್ತಾನೆ. ಸಾಂತ್ವನವೆಂದರೆ ದುಃಖ ಕಳೆಯುವುದೆಂದು ನಾವು ತಿಳಿದಿದ್ದೆವು. ದುಃಖ ಇದ್ದಂತೆಯೇ ನಾಳೆಯ ಕೆಲಸಕ್ಕೆ ಏಳುವ ಬಲವೂ ಸಾಂತ್ವನವೇ ಎಂದು ಈ ಚರಿತ್ರೆ ಕಲಿಸಿತು.

ಏಮಿಯವರು ಆರಂಭಿಸಿದ ಆ ಶಾಲೆ ಇಂದು ಅಲ್ ರಜಾ ಶಾಲೆಯಾಗಿ ನಡೆಯುತ್ತಿದೆ. ಮೊದಲ ಸಲ ಆ ಹೆಸರು ಕೇಳಿದಾಗ ನಮ್ಮ ಮಗಳು, "ಶಾಲೆಗೆ ಯಾವಾಗಲೂ ರಜಾನಾ ಅಪ್ಪ?" ಎಂದು ಕೇಳಿದ್ದಳು. ಅರಬ್ಬಿಯಲ್ಲಿ ಆ ಪದಕ್ಕೆ ನಿರೀಕ್ಷೆ ಎಂದು ಅರ್ಥ.

ವಿಮಾನಗಳು ಆರಂಭವಾದ ಮೇಲೆ ಊರಿಗೆ ಹೋಗಿ ತಂದೆಯವರ ಸಮಾಧಿಗೆ ಮೂರು ಹಿಡಿ ಮಣ್ಣು ಹಾಕಿ ಬಂದೆವು. ಅಂದು ಅರ್ಧಕ್ಕೆ ನಿಂತಿದ್ದ ಕೀರ್ತನೆಯನ್ನು ಅಮ್ಮನೊಂದಿಗೆ ನಿಂತು ಕೊನೆಯವರೆಗೆ ಹಾಡಿದೆವು.